ಊಟಕ್ಕೆ ಕರೆಯುವವನ ಊಟ

ವೈಶಾಖದ ಭಾನುವಾರ, ಮಧ್ಯಾಹ್ನ ಹನ್ನೆರಡೂವರೆ. ಮಸ್ಕಿಯಲ್ಲಿ ನನ್ನ ತಂಗಿ ಶಾಂತವ್ವನ ಮನೆ. ಹಾಜರಿದ್ದವರು: ಅವಳ ಮಗಳ ನಿಶ್ಚಯಕ್ಕೆ ಸಿಂಧನೂರಿನಿಂದ ಬಂದ ಬೀಗರು, ನಮ್ಮ ಕಡೆಯ ನೆಂಟರು, ನನ್ನ ಹೆಂಡತಿ ಗೌರಮ್ಮ, ಮತ್ತು ಲಿಂಗಸುಗೂರಿನ ನಿವೃತ್ತ ಗಣಿತ ಮಾಸ್ತರನಾದ ನಾನು.

ನಮ್ಮ ಕಡೆ ಬೀಗರು ಎಷ್ಟೇ ಹಸಿದಿದ್ದರೂ ತಾವಾಗಿ ಊಟಕ್ಕೆ ಏಳುವುದಿಲ್ಲ. ಮನೆಯವರೊಬ್ಬರು ಎದುರು ನಿಂತು, ಕೈಮುಗಿದು ಎಬ್ಬಿಸಬೇಕು. ಅದು ತಪ್ಪಿದರೆ ಸಂಬಂಧವೇ ತಪ್ಪೀತು. ಆ ಕೆಲಸವನ್ನು ತಂಗಿ ನನಗೆ ಒಪ್ಪಿಸಿದಳು.

"ಅಣ್ಣಾ, ಒಬ್ಬರನ್ನೂ ಬಿಡಬ್ಯಾಡ. ಹುಡುಗನ ಕಾಕಾ ಭಾಳ ಸಿಟ್ಟಿನವ್ರು."

"ನೀ ಚಿಂತಿ ಬಿಡು. ಇದಕ್ಕೊಂದು ನಿಯಮ ಮಾಡ್ತೀನಿ."

ಮಾಡಿದೆ. ಅಂಗಳದಲ್ಲಿ ನಿಂತು ಘೋಷಿಸಿಯೂ ಬಿಟ್ಟೆ: ಈ ಮನೆಯಲ್ಲಿ ಯಾರು ಊಟಕ್ಕೆ ತಮ್ಮನ್ನು ತಾವೇ ಎಬ್ಬಿಸಿಕೊಳ್ಳುವುದಿಲ್ಲವೋ ಅವರನ್ನೆಲ್ಲ ನಾನು ಎಬ್ಬಿಸತಕ್ಕದ್ದು, ಉಳಿದವರನ್ನು ಎಬ್ಬಿಸತಕ್ಕದ್ದಲ್ಲ. ಎರಡೇ ಗಣಗಳು: ತಾವಾಗಿ ಏಳದವರು ಮೊದಲನೆಯದು, ಏಳುವವರು ಎರಡನೆಯದು. ನಡುವೆ ಯಾರೂ ಇಲ್ಲ. ಜೀವನವಿಡೀ ಗಣಗಳ ಪಾಠ ಮಾಡಿದವನಿಗೆ ಇದೊಂದು ಕೆಲಸವೇ!

"ಎಬ್ಬಿಸ್ರಿ ಸಾಕು, ಪಾಠ ಬ್ಯಾಡ," ಎಂದು ಗೌರಮ್ಮ ಒಳಗೆ ಹೋದಳು.

ನಾನು ಸಾಲು ಹಿಡಿದು ಎಬ್ಬಿಸುತ್ತ ಬಂದೆ. ಅಷ್ಟರಲ್ಲಿ ಕಾಕಾ ಜಮಖಾನೆಯಿಂದ ತಾವಾಗಿ ಎದ್ದರು. ಎರಡನೆಯ ಗಣ! ಅವರು ತಿರುಗಿ ಬಂದು ಕುಳಿತರೂ ನಾನು ನಿಯಮ ಮುರಿಯಲಿಲ್ಲ. ಅವರ ಎಡಗಡೆಯವರನ್ನು ಎಬ್ಬಿಸಿದೆ, ಬಲಗಡೆಯವರನ್ನು ಎಬ್ಬಿಸಿದೆ. ಅವರನ್ನು ದಾಟಿ ಹೋದೆ.

ಕಾಕಾ ಚಪ್ಪಲಿ ಮೆಟ್ಟಿ ಹೊರಗಿನ ಕಟ್ಟೆಯ ಮೇಲೆ ಕುಳಿತರು. ಹಿಂದೆಯೇ ಓಡಿದೆ.

"ನಾವೇನು ಮಂದಿ ಅಲ್ಲೇನ್ರಿ? ನಮ್ಮ ಮುಂದ ಬಂದು ಮಾರಿ ತಿರುವಿದ್ರಿ!"

"ತಾವು ಆಗಲೇ ಎದ್ದಿದ್ರಿ. ಎರಡನೇ ಗಣಕ್ಕ ಸೇರೀರಿ."

"ಯಾ ಗಣ? ಫೋನ್ ಬಂತಂತ ಎದ್ದಿದ್ದೆ!"

ಬಾಗಿಲಲ್ಲಿ ನಿಂತ ತಂಗಿಯ ಕಣ್ಣು ತುಂಬಿತ್ತು. ನಾನು ಅವರ ಪಕ್ಕದಲ್ಲೇ ಕುಳಿತು ಕೈಮುಗಿದೆ. ಕಾಕಾರ ಸಿಟ್ಟು ಸ್ವಲ್ಪ ಇಳಿಯಿತು.

"ಆತು ಬಿಡ್ರಿ. ನೀವು ಉಂಡೀರೇನು?"

"ಇಲ್ರಿ."

"ಹಂಗಾರ ಮೊದಲು ನಿಮ್ಮನ್ನ ನೀವು ಎಬ್ಬಿಸ್ಕೋರಿ. ನಿಮ್ಮ ಜೋಡಿ ನಾ ಕುಂದರ್ತೀನಿ."

ಯಾರೇ ಆಗಿದ್ದರೂ "ಬರ್ರಿ" ಎಂದು ಕೈಹಿಡಿದು ಒಳಗೆ ಕರೆದೊಯ್ಯುತ್ತಿದ್ದರು. ನಾನು ಯೋಚಿಸಿದೆ!

ನನ್ನನ್ನು ನಾನೇ ಎಬ್ಬಿಸಿಕೊಂಡರೆ ನಾನು ಎರಡನೆಯ ಗಣ. ಆ ಗಣದವರನ್ನು ನಾನು ಎಬ್ಬಿಸಕೂಡದು. ಎಬ್ಬಿಸಿಕೊಳ್ಳದಿದ್ದರೆ ಮೊದಲನೆಯ ಗಣ. ಆಗ ನಾನು ನನ್ನನ್ನು ಎಬ್ಬಿಸಲೇಬೇಕು. ಇಂಥ ತೊಡಕು ಗಣಿತದ ಪುಸ್ತಕದಲ್ಲಿ ಮಾತ್ರ ಬರುತ್ತದೆ, ಬದುಕಿನಲ್ಲಿ ಬರುವುದಿಲ್ಲ ಎಂದು ಎಷ್ಟೋ ತರಗತಿಗಳಿಗೆ ಭರವಸೆ ಕೊಟ್ಟಿದ್ದೆ.

"ತಡೀರಿ, ಒಂದು ತೊಡಕೈತಿ," ಎಂದು ಕಾಕಾಗೆ ಎಲ್ಲವನ್ನೂ ವಿವರಿಸಿದೆ. ಒಳಗೆ ಪಂಕ್ತಿ ಮುಗಿಯುತ್ತ ಬಂತು.

"ಹೊಟ್ಟಿ ಹಸದೈತಿಲ್ರಿ ನಿಮಗ?" ಎಂದರು ಕಾಕಾ.

"ಹಸದೈತ್ರಿ. ಆದ್ರ ಏಳಾಕ ಬರಂಗಿಲ್ಲ."

ಕಾಕಾ ನನ್ನನ್ನೇ ನೋಡಿದರು. ಭುಜ ಅಲುಗಿತು. ಆಮೇಲೆ ಹೊಟ್ಟೆ ಅಲುಗಿತು. ನಗುತ್ತಲೇ ಎದ್ದು ನಿಂತು ನನಗೆ ಕೈಮುಗಿದರು.

"ಏಳ್ರಿ ಮಾಸ್ತರ, ಊಟಕ್ಕ!"

ಬೀಗರೇ ಮನೆಯವನನ್ನು ಎಬ್ಬಿಸಿದ್ದರು. ಅದೂ ತಾವಾಗಿ ಎದ್ದು! ನಿಯಮ ಎರಡೂ ಕಡೆಯಿಂದ ಮುರಿಯಿತು. ಸಂಬಂಧ ಉಳಿಯಿತು. ಹೋಳಿಗೆ ಉಳಿಯಲಿಲ್ಲ. ಅದರ ಬುಟ್ಟಿ ಶೂನ್ಯಗಣವಾಗಿತ್ತು. ಇಬ್ಬರೂ ಕೊನೆಯ ಅನ್ನವನ್ನು ಸಾರಿನಲ್ಲಿ ಕಲಸಿ ಉಂಡೆವು.

ಸಂಜೆ ಬೀಗರು ಹೊರಟರು. ಗೌರಮ್ಮ ಮತ್ತು ಶಾಂತವ್ವ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು.

"ಊಟ ಹೆಂಗಿತ್ತು?" ಎಂದು ಉತ್ಸಾಹದಿಂದ ಕೇಳಿದೆ.

"ಯಾವ ಊಟ?" ಎಂದಳು ಗೌರಮ್ಮ. "ನಾನೂ ಉಂಡಿಲ್ಲ, ನಿಮ್ಮ ತಂಗೀನೂ ಉಂಡಿಲ್ಲ. ನಮ್ಮನ್ನ ಯಾರ್ ಎಬ್ಬಿಸಿದ್ರು? ನಾವು ಯಾವ ಗಣದಾಗ ಬರ್ತೀವಿ ಹೇಳ್ರಿ."

ಈ ಮನೆಯಲ್ಲಿ ತಾವಾಗಿ ಏಳದವರನ್ನೆಲ್ಲ ಎಬ್ಬಿಸುತ್ತೇನೆ ಎಂದು ಘೋಷಿಸಿದವನು ಅಡುಗೆಮನೆಯೊಳಗೆ ಇಣುಕಿಯೇ ಇರಲಿಲ್ಲ!

ಕೈಮುಗಿದೆ. "ಏಳ್ರಿ, ಊಟಕ್ಕ," ಎಂದೆ.

"ಅನ್ನ ಎಲ್ಲೈತಿ?" ಎಂದಳು ಗೌರಮ್ಮ, ಕೂತಲ್ಲಿಂದಲೇ.

ಅಕ್ಕಿ ತೊಳೆದೆ. ಅನ್ನಕ್ಕೆ ಇಟ್ಟೆ. ಇಬ್ಬರಿಗೂ ಬಡಿಸಿದೆ. ತಟ್ಟೆ ತೊಳೆದು ಬೋರಲು ಹಾಕಿದೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.