ನಾವು ಥಾಯ್ ಊಟ ಮಾಡಿದ್ದು

ನಮ್ಮ ಮನೆಯವರು ಹೋಟೆಲಿಗೆ ಹೋಗಿ ಸುಮ್ಮನೆ ಉಂಡು ಬಂದದ್ದು ಅಂತ ಇಲ್ಲವೇ ಇಲ್ಲ. ಏನಾದರೊಂದು ಎಡವಟ್ಟು ಮಾಡಿಕೊಂಡೇ ಬರುತ್ತೇವೆ. ಚೆನ್ನೈನ ಪುರಸೈವಾಕ್ಕಂನಲ್ಲಿ ನಮ್ಮ ಬೀದಿಯ ಕೊನೆಗೆ ಪುಟ್ಟ ಥಾಯ್ ಹೋಟೆಲೊಂದು ಬಂದ ಮೇಲಂತೂ ಎಡವಟ್ಟಿಗೆ ಆಟೋ ಹಿಡಿಯುವ ಕಷ್ಟವೂ ತಪ್ಪಿತು.

ಅಲ್ಲಿಗೆ ನಮ್ಮನ್ನು ಹೋಗುವಂತೆ ಮಾಡಿದ್ದು ಮಗಳು. ಪೆರುಂಗುಡಿಯ ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗನನ್ನೇ ಮದುವೆಯಾಗುತ್ತೇನೆ ಅಂದಳು. ಧಾರವಾಡದ ಕಡೆಯ ಹುಡುಗ, ತಾಯಿ ತೀರಿಕೊಂಡಿದ್ದಾರೆ. ತಂದೆ ರೈಲ್ವೆಯಲ್ಲಿದ್ದು ನಿವೃತ್ತರಾದವರು. ಅವರು ಒಪ್ಪಿದರೆ ಮದುವೆ, ಇಲ್ಲವಾದರೆ ಇಲ್ಲ. ಎರಡು ವರ್ಷ "ನೋಡೋಣ" ಅಂದು, ಕೊನೆಗೆ ಫೋನಿನಲ್ಲಿ ಹೇಳಿದರು: "ಮನೀಗೆ ಬಂದ್ರ ಹೆಣ್ಣು ನೋಡಿಧಂಗ ಆಗ್ತದ್ರೀ. ಹೊರಗ ಎಲ್ಲ್ಯಾರ ಕೂಡೋಣು. ಬರೇ ಊಟ. ನಾ ಯಾವುದಕ್ಕೂ ಹೂಂ ಅಂದಿಲ್ಲ ಮತ್ತ."

ಮಗಳು ಥಾಯ್ ಹೋಟೆಲನ್ನು ಗೊತ್ತುಮಾಡಿದಳು. ನಮ್ಮ ಕನ್ನಡಕ್ಕೆ ತಮಿಳಿನಲ್ಲೇ ಉತ್ತರ ಕೊಡುವ ಹುಡುಗಿ. "ಸ್ಪೂನ್‌ಲ ಸಾಪ್ಪಿಡಣುಂಪಾ, ಪ್ಲೀಸ್" ಅಂತ ಕೈ ಮುಗಿದಳು. ಚಮಚದಲ್ಲಿ ಉಣ್ಣುವುದು ನಮಗೆ ಬಾರದು. ಹಾಗಾಗಿ ಮೊದಲೇ ಎರಡು ಸಲ ಹೋಗಿ ಅಭ್ಯಾಸ ಮಾಡಿದೆವು.

ಮೊದಲ ಅಭ್ಯಾಸ

ಥಾಯ್ ಅಡುಗೆಗೆಲ್ಲ ಮೀನಿನ ಸಾಸು ಬೀಳುತ್ತದೆ ಅಂತ ನನ್ನ ಹೆಂಡತಿ ಎಲ್ಲೋ ಓದಿದ್ದಳು. ಸಪ್ಲೈಯರ್ ಮಣಿಪುರದವನು, ತಮಿಳು ನಮಗಿಂತ ಚೆನ್ನಾಗಿ ಬರುತ್ತದೆ. "ಮೀನ್ ಇಲ್ಲೆ, ಸೋಯಾ ಸಾಸ್ ದಾನ್ ಅಮ್ಮಾ" ಅಂದ.

"ಬಾಣಲೆ?"

"ವೆಜ್ಜುಕ್ಕು ವೇರೆ ಅಮ್ಮಾ."

"ಸೌಟು?"

ಅವನು ತಲೆ ಕೆರೆದುಕೊಂಡ. ಇವಳು ಎದ್ದು ನೇರ ಅಡುಗೆಮನೆಗೆ ನುಗ್ಗಿದಳು. ಇಪ್ಪತ್ತು ನಿಮಿಷ ಪತ್ತೆಯಿಲ್ಲ. ಬಂದು ಕೂತು ಸೆರಗು ಸರಿಮಾಡಿಕೊಂಡು ಅಂದಳು: "ಎಲ್ಲ ಬೇರೆ ಬೇರೆಯಾಗೇ ಇಟ್ಟಿದಾರೆ, ಪಾಪ. ಒಗ್ಗರಣೆ ಹಾಕೋದೊಂದು ಗೊತ್ತಿರಲಿಲ್ಲ, ಹೇಳ್ಕೊಟ್ಟು ಬಂದೆ."

ಅವತ್ತಿನ ಗ್ರೀನ್ ಕರಿಯಲ್ಲಿ ಸಾಸಿವೆ, ಇಂಗು ಎರಡೂ ಇದ್ದವು.

ಎರಡನೆಯದು

ಪರಿಷೇಚನೆ ಮಾಡದೆ ತುತ್ತೆತ್ತುವ ಅಭ್ಯಾಸ ನನಗಿಲ್ಲ. ತಟ್ಟೆಯ ಸುತ್ತ ನೀರು ಬಿಟ್ಟು ಕಣ್ಣು ಮುಚ್ಚಿದೆ. ತೆರೆಯುವಷ್ಟರಲ್ಲಿ ಸಪ್ಲೈಯರ್ ಒರೆಸಿಬಿಟ್ಟಿದ್ದ. ಮತ್ತೆ ನೀರು ಬಿಟ್ಟೆ, ಮತ್ತೆ ಒರೆಸಿದ. ನನಗೂ ಹಟ ಬಂತು. ಮೂರನೆಯ ಸಲ ಒರೆಸಿದವನು ನನ್ನ ನರೆತ ತಲೆ ನೋಡಿ, ಕಿವಿಯ ಹತ್ತಿರ ಬಗ್ಗಿ ತುಂಬ ಮರ್ಯಾದೆಯಿಂದ ಕೇಳಿದ: "ಕೈ ನಡುಂಗುದಾ ಸಾರ್? ಸ್ಟ್ರಾ ವೇಣುಮಾ?"

ಬರೇ ಊಟ

ಭಾನುವಾರ ಮಧ್ಯಾಹ್ನ ಹುಡುಗ ತಂದೆಯನ್ನು ಕರೆದುಕೊಂಡು ಬಂದ. ಅವರದು ಬಿಗಿದ ಮುಖ. ಅವರೆದುರು ಕೂತ ನನ್ನ ಮಗಳು ತನ್ನ ಮುಂದಿನ ನೀರನ್ನೂ ಮುಟ್ಟಲಿಲ್ಲ.

ಸಪ್ಲೈಯರ್ ಹೆಚ್ಚಿದ ಸೂಜಿಮೆಣಸಿನ ಪುಟ್ಟ ಬಟ್ಟಲು ತಂದಿಟ್ಟು "ರೊಂಬ ಕಾರಂ ಸಾರ್" ಅಂದ.

"ಧಾರವಾಡದವ್ರಿಗೆ ಖಾರ ಹೇಳಿಕೊಡ್ತಿಯೇನಪಾ?" ಅಂತ ಅವರು ಚಮಚ ತುಂಬ ಬಾಯಿಗೆ ಹಾಕಿಕೊಂಡರು.

ಒಂದೆರಡು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅವರ ಕಣ್ಣಿಂದ ಧಾರಾಕಾರ ನೀರು. ನೋಟ ನನ್ನ ಮಗಳ ಕಡೆಗೇ ಇತ್ತು. "ನೋಡಿ, ಹೋದ ಹೆಂಡತಿ ನೆನಪಾಗಿರಬೇಕು" ಅಂತ ನನ್ನ ಹೆಂಡತಿಯೂ ಅಳತೊಡಗಿದಳು. ಅವಳನ್ನು ನೋಡಿ ಮಗಳು ಅತ್ತಳು. ಅವರು ಮಾತು ಹೊರಡದೆ ಜೋರಾಗಿ ತಲೆಯಾಡಿಸಿ, ಮಗಳ ಕಡೆಗೆ ಕೈ ಚಾಚಿದರು. ನನ್ನ ಹೆಂಡತಿಯ ಬ್ಯಾಗಿನಲ್ಲಿ ವೀಳ್ಯದೆಲೆ, ಅಡಿಕೆ ಯಾವತ್ತೂ ಇರುತ್ತವೆ. ಚಾಚಿದ ಕೈಗೆ ತಾಂಬೂಲ ಇಟ್ಟೇಬಿಟ್ಟಳು. ತಾಂಬೂಲ ಹಿಡಿದ ಮೇಲೆ ಮದುವೆ ನಿಶ್ಚಯವಾದಂತೆಯೇ ತಾನೆ. ಮಕ್ಕಳಿಬ್ಬರೂ ಅವರ ಕಾಲಿಗೆ ಬಿದ್ದರು.

ಮದುವೆಯ ದಿನ ಬೀಗರು ಸೊಸೆಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಬಂದವರಿಗೆಲ್ಲ ಸಂತೋಷದಿಂದ ಪರಿಚಯ ಮಾಡಿಕೊಟ್ಟರು: "ನಾ ಕೈ ಚಾಚಿದ್ದು ಈಕಿ ಮುಂದಿನ ನೀರಿನ ಗ್ಲಾಸಿಗೆ ರೀ. ಇವರು ಈಕೀನ್ನ ಕೊಟ್ರು. ನೀರು ಇನ್ನೂ ಬಂದಿಲ್ಲ."