ಅವ್ವನ ಚರ್ಮದ ಬ್ಯಾಗು ಮತ್ತು ನನ್ನ ನಾಲ್ಕು ದಿನದ ಸಿಟ್ಟು

ಯಾವುದಾದರೂ ಸಾಮಾನನ್ನು ನಾನೇ ಕೈಯಾರೆ ಶುಚಿ ಮಾಡುತ್ತೇನೆಂದು ಕೂತರೆ ಸಾಕು, ಸುತ್ತಲಿನವರಿಗೆಲ್ಲ ಎಲ್ಲಿಲ್ಲದ ಬುದ್ಧಿ ಬರುತ್ತದೆ. ನಮ್ಮ ಧಾರವಾಡದ ಮನೆಯಲ್ಲಿ ಇದು ವಾರಕ್ಕೊಮ್ಮೆ ಆಗುವಂಥದ್ದೇ. ಈ ಸಲದ ಸಿಟ್ಟು ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ.

ಸೋಮವಾರ ನಾನು ಹೊಸ ಶಾಲೆಗೆ ಹೆಡ್ ಮೇಡಂ ಆಗಿ ಹೋಗಬೇಕಿತ್ತು. ಹೋದ ವರ್ಷ ತೀರಿಕೊಂಡ ಅವ್ವ ಉಪ್ಪಿನಬೆಟಗೇರಿಯ ಶಾಲೆಯಲ್ಲಿ ಅಕ್ಕೋರಾಗಿದ್ದಷ್ಟು ವರ್ಷವೂ ಹೆಗಲಿಗೆ ಹಾಕಿಕೊಂಡಿದ್ದ ಚರ್ಮದ ಬ್ಯಾಗು ನನ್ನ ಹತ್ತಿರವಿದೆ. ಮೊದಲ ದಿನ ಅದನ್ನೇ ಒಯ್ಯುವ ಆಸೆ. ಖರೇ ಹೇಳಬೇಕೆಂದರೆ, ಅದಿಲ್ಲದೆ ಹೋಗಲು ಅಂಜಿಕೆ. ಚರ್ಮ ಒಣಗಿ ಸೆಟೆದುಕೊಂಡಿತ್ತು. ದುರ್ಗದಬೈಲಿನ ಪೇಟೆಯಿಂದ ಅದಕ್ಕೆ ಹಚ್ಚುವ ಕ್ರೀಮು ತಂದೆ. "ಒರಸಿ, ನೆರಳಾಗಿಟ್ಟು, ಬಟ್ಟಿಲೆ ತೆಳ್ಳಗ ಹಚ್ರಿ. ಅವಸರ ಮಾಡಬ್ಯಾಡ್ರಿ," ಅಂದ ಅಂಗಡಿಯವನು. ಅವಸರ ಮಾಡಿದ್ದು ನಾನಲ್ಲ.

ಹರಳೆಣ್ಣೆ

ಗುರುವಾರ ಸಂಜೆ ಮನೆಗೆ ಬಂದರೆ ಯಜಮಾನರು ಬ್ಯಾಗಿನ ಮೇಲೆ ಅರ್ಧ ಬಾಟಲಿ ಹರಳೆಣ್ಣೆ ಸುರಿದು ತಿಕ್ಕುತ್ತಿದ್ದರು.

"ಯಾರು ಹೇಳಿದ್ರು ನಿಮಗ?"

"ನಮ್ಮಪ್ಪ ಎತ್ತಿನ ಬಾರಕೋಲಿಗೆ ಇದನ್ನಽ ಹಚ್ತಿದ್ದ."

"ನಾ ಏನು ಎತ್ತು ಹೊಡ್ಯಾಕ ಹೊಂಟೇನೇನ್ರಿ?"

"ಸಾಲಿಗೆ ಹೊಂಟಿ. ಏನ್ ಭಾಳ ಫರಕ್ ಐತಿ?"

ಜೋಳದ ಹಿಟ್ಟು

ಎಣ್ಣೆ ಹೀರಲೆಂದು ಶುಕ್ರವಾರ ಬ್ಯಾಗಿನ ಮೇಲೆ ಜೋಳದ ಹಿಟ್ಟು ಉದುರಿಸಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಅಲ್ಲಿಟ್ಟದ್ದು ನನ್ನ ತಪ್ಪು, ಒಪ್ಪುತ್ತೇನೆ. ಲಿಂಗಪೂಜೆಯಾಗದೆ ಚಹಾ ಸಹ ಮುಟ್ಟದ ನಮ್ಮತ್ತೆ ಅದನ್ನು ಕಂಡು, ಒಂದು ತಂಬಿಗೆ ನೀರು ಹೊಯ್ದು ಶುದ್ಧ ಮಾಡಿಯೇಬಿಟ್ಟರು. ಚರ್ಮವೆಲ್ಲ ಹಿಟ್ಟಿನ ಅಂಟು. ನನಗೆ ಮೈಯೆಲ್ಲ ಉರಿಯಿತು.

"ತೊಗಲು ಅಡಗಿಮನ್ಯಾಗ ತರ್ತಾರೇನ?" ಅಂದರು ಅತ್ತೆಯೇ.

"ನಿಮ್ಮ ಮಗನ ಬೆಲ್ಟು ದಿನಾ ಬರತೈತಲ್ರಿ?"

"ಅದು ಅವನ ಪ್ಯಾಂಟು ಹಿಡಕೊಂಡೈತಿ. ಇದೇನು ಹಿಡಕೊಂಡೈತಿ?"

ಬಿಸಿಲು

ಹಿಟ್ಟು ಒರೆಸಿ, ಒಳಗೆ ಹಳೆ ಪೇಪರು ತುಂಬಿ, ಶನಿವಾರ ವರಾಂಡದ ನೆರಳಿನಲ್ಲಿಟ್ಟು ಪೇಟೆಗೆ ಹೋದೆ. ಮಧ್ಯಾಹ್ನ ಬಂದರೆ ಬ್ಯಾಗಿಲ್ಲ. ಮಾಳಿಗೆಯ ಮೇಲೆ, ಸುಡುಬಿಸಿಲಲ್ಲಿ, ಪಕ್ಕದ ಮನೆಯಾಕೆಯ ಹಪ್ಪಳದ ಸಾಲಿನಲ್ಲಿ ಮಲಗಿತ್ತು. ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ಆಕೆಗೂ ಸಿಟ್ಟು ಬಂತು.

"ನೆರಳಾಗಿಟ್ಟು ಮರ್ತು ಹೋಗಿದ್ರಿ. ಉಪಕಾರ ಮಾಡಿದ್ರ ಬೈತೀರೇನ್ರಿ? ತಾಸಿಗೊಮ್ಮೆ ತಿರುವಿ ಹಾಕೇನಿ!"

ಮೀಸೆಯ ಅಧ್ಯಕ್ಷರು

ಭಾನುವಾರ ಯಾರನ್ನೂ ಹತ್ತಿರ ಬಿಡದೆ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಸಲ ಕ್ರೀಮು ಹಚ್ಚಿದೆ. ಒಂದು ಮಗ್ಗುಲಿಗೆ ಕಲೆ ಉಳಿಯಿತು. ಆದರೂ ಚರ್ಮ ಮೆತ್ತಗಾಯಿತು, ಅವ್ವನ ಕಾಲದ ಬಣ್ಣ ಬಂತು. ಅಳು ಬಂತು ನನಗೆ.

ಸೋಮವಾರ ಹೊಸ ಕುರ್ಚಿಯಲ್ಲಿ ಕೂತು ಹತ್ತು ನಿಮಿಷವಾಗಿಲ್ಲ, ಶಾಲಾ ಸಮಿತಿಯ ಅಧ್ಯಕ್ಷರು ಬಾಗಿಲು ದೂಡಿಕೊಂಡು ಬಂದರು. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ದನಿ.

"ನಮ್ಮನ್ನ ಕೇಳದಽ ಚಾರ್ಜ್ ತಗೊಂಡ್ರೇನ್ರಿ? ಇಲ್ಲೆ ನಾ ಹೇಳಿದ್ದಽ ನಡೀಬೇಕು!" ಎಂದು ಮೇಜು ಗುದ್ದಿ, ಕೂರಲು ಕುರ್ಚಿ ಎಳೆದರು.

ನಾಲ್ಕು ದಿನದ ಸಿಟ್ಟೆಲ್ಲ ನನ್ನ ಗಂಟಲಿಗೆ ಬಂದಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವರ ಕಣ್ಣು ಮೇಜಿನ ಮೇಲಿದ್ದ ಬ್ಯಾಗಿನತ್ತ ಹೋಯಿತು. ದನಿ ಅಲ್ಲೇ ಇಳಿಯಿತು.

"ಇದು ಉಪ್ಪಿನಬೆಟಗೇರಿ ಅಕ್ಕೋರ ಬ್ಯಾಗಲ್ರಿ? ನಾ ಅವರ ಕೈಯಾಗ ಕಲ್ತಾಂವ."

"ಹೌದು. ನಮ್ಮವ್ವ."

ಕುರ್ಚಿಯನ್ನು ಮೆಲ್ಲಗೆ ವಾಪಸು ದೂಡಿದರು.

"ಒಳಗ ಛಡಿ ಐತೇನ್ರಿ?"

ಒಳಗಿದ್ದುದು ನನ್ನ ಊಟದ ಡಬ್ಬಿ. "ಐತಿ," ಅಂದೆ.

"ಹಂಗಾರ ನಾ ನಿಂತಽ ಮಾತಾಡ್ತೇನ್ರಿ," ಎಂದವರೇ ಎರಡೂ ಅಂಗೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.