ಐದು ಗಂಟೆಯ ಜಗಳ

ಟಿವಿ ಚಾನೆಲ್ಲಿನ ಹಣಕಾಸು ನೋಡಿಕೊಳ್ಳುವ ಲೆಕ್ಕದ ಮೇಡಂ ಅವತ್ತು ಕನ್ನಡಕ ಮರೆತು ಬಂದಿದ್ದೇ ಎಲ್ಲದಕ್ಕೂ ಮೂಲ. ಕನ್ನಡಕ ಇದ್ದಿದ್ದರೆ ಮುಖ್ಯಸ್ಥರು ಕಳಿಸಿದ ಗುಟ್ಟಿನ ಹಾಳೆಯನ್ನು ತಾವೇ ಓದಿಕೊಂಡು ಸುಮ್ಮನಾಗುತ್ತಿದ್ದರು. ಇಲ್ಲದ್ದರಿಂದ ಬಾಗಿಲ ಮುಂದೆ ಹಾದುಹೋಗುತ್ತಿದ್ದ ಬಣ್ಣದಯ್ಯನನ್ನು ಕರೆದು, "ಸ್ವಲ್ಪ ಇದನ್ನ ಓದಿ ಹೇಳಿ, ಅಕ್ಷರ ಎಲ್ಲ ಇರುವೆ ಸಾಲಿನ ಥರ ಕಾಣ್ತಿದೆ" ಎಂದರು. ಬಣ್ಣದಯ್ಯ ಗಟ್ಟಿಯಾಗಿಯೇ ಓದಿದ. ಖರ್ಚು ತಗ್ಗಿಸುವ ಸಲುವಾಗಿ ಈ ತಿಂಗಳ ಕೊನೆಗೆ ರದ್ದಾಗುವ ಹುದ್ದೆಗಳು. ಒಂದು, ಮೇಕಪ್‌ನವರು. ಎರಡನೆಯದು ಇರಲೇ ಇಲ್ಲ.

ಆ ಟಿವಿ ಚಾನೆಲ್ಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮುಖಗಳಿಗೆ ಪೌಡರ್ ಬಳಿಯುತ್ತಿದ್ದವನು ಈ ಬಣ್ಣದಯ್ಯ. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು, ಸಂಬಳದ ಚೀಟಿಯನ್ನು ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಮೊದಲು ಮೇಕಪ್ ಕೋಣೆಯಲ್ಲಿ ಆರು ಜನ ಇದ್ದರು. ಕಂಪನಿಗಳ ಮೇಲಿನ ತೆರಿಗೆ ಏರಿದ ವರ್ಷ, ಕೈಯಲ್ಲಿ ದುಡ್ಡಿಲ್ಲವೆಂದು ಯಜಮಾನರು ಮೂವರನ್ನು ಮನೆಗೆ ಕಳಿಸಿದರು. ತೆರಿಗೆ ಇಳಿದ ವರ್ಷ, ಕೈಯಲ್ಲಿ ದುಡ್ಡಿದೆಯೆಂದು ಹೊಸ ಯಂತ್ರಗಳನ್ನು ತರಿಸಿ ಇನ್ನಿಬ್ಬರನ್ನು ಕಳಿಸಿದರು. ಏರಿದರೂ ಇಳಿದರೂ ಹೋಗುವುದು ತಮ್ಮ ತಲೆಯೇ ಯಾಕೆ ಎಂದು ಬಣ್ಣದಯ್ಯನಿಗೆ ಇವತ್ತಿಗೂ ತಿಳಿದಿಲ್ಲ. ತಿಳಿಸಿ ಹೇಳುವ ಪುಣ್ಯಾತ್ಮರೂ ಸಿಕ್ಕಿಲ್ಲ.

ಹಾಳೆಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದ. ವಯಸ್ಸು ಐವತ್ತೆರಡು. ಮಗಳ ನರ್ಸಿಂಗ್ ಓದು ಮುಗಿಯಲು ಇನ್ನೂ ಎರಡು ವರ್ಷ. ಬೇರೆಯವರ ಮೂಗಿನ ಹೊಳಪು ಅಡಗಿಸುವುದನ್ನು ಬಿಟ್ಟರೆ ಬೇರೆ ವಿದ್ಯೆ ಬರುವುದಿಲ್ಲ. ಈ ವಯಸ್ಸಿನಲ್ಲಿ ಪೌಡರ್ ಡಬ್ಬಿ ಹಿಡಿದು ಯಾರ ಬಾಗಿಲು ತಟ್ಟುವುದು? ಹೆಂಡತಿಗೆ ಫೋನ್ ಮಾಡಿದ. ಅವಳು "ಏನ್ರೀ ವಿಷಯ?" ಎಂದಳು. ಏನಿಲ್ಲ, ಸುಮ್ಮನೆ ಮಾಡಿದೆ ಎಂದ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಸುಮ್ಮನೆ ಫೋನ್ ಮಾಡದ ಗಂಡ ಹೀಗಂದದ್ದಕ್ಕೆ ಅವಳು, ಜ್ವರ ಗಿರ ಬಂದಿದೆಯಾ ನೋಡಿಕೊಳ್ಳಿ ಎಂದು ಇಟ್ಟುಬಿಟ್ಟಳು.

ಲೆಕ್ಕದ ಮೇಡಂ ಬಾಯಲ್ಲಿ ಗುಟ್ಟು ನಿಲ್ಲುವುದೆಲ್ಲಿ ಬಂತು. ಊಟದ ಹೊತ್ತಿಗೆ ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟಿತ್ತು. ಒಬ್ಬರು ಬೆನ್ನು ಸವರಿದರು, ಒಬ್ಬರು ಕೋರ್ಟಿಗೆ ಹೋಗಿ ಎಂದರು, ಒಬ್ಬರು ಅವನ ಕುರ್ಚಿ ಖಾಲಿಯಾದರೆ ತಮಗಿರಲಿ ಎಂದು ಈಗಲೇ ಹೇಳಿಟ್ಟರು. ಕೊನೆಗೆ ಬಂದವನು ಕ್ಯಾಮೆರಾದವನು. ಅವನ ತಲೆಯಲ್ಲಿ ಉಪಾಯಗಳಿಗೆ ಬರವಿರಲಿಲ್ಲ, ಅದೇ ತೊಂದರೆ.

ಅವನ ಉಪಾಯ ತಿಳಿಯಬೇಕಾದರೆ ಐದು ಗಂಟೆಯ ಚರ್ಚೆಯ ಸಂಗತಿ ತಿಳಿದಿರಬೇಕು. ದಿನಾ ಸಂಜೆ ಐದರಿಂದ ಆರರವರೆಗೆ ಇಬ್ಬರು ಆರ್ಥಿಕ ತಜ್ಞರು ಆ ಚಾನೆಲ್ಲಿನಲ್ಲಿ ಹಾವು ಮುಂಗುಸಿಯಂತೆ ಕಾದಾಡುತ್ತಿದ್ದರು. ದೇಶದ ಸಾಲ ಕತ್ತಿನವರೆಗೆ ಬಂದಿದೆ, ಸರ್ಕಾರ ಖರ್ಚು ಬಿಗಿ ಹಿಡಿಯಬೇಕು, ಕಂಪನಿಗಳ ತೆರಿಗೆ ಇಳಿಸಬೇಕು ಎನ್ನುವವರು ಉಳಿತಾಯ ಸಾರ್. ಸಾಲಕ್ಕೆ ಹೆದರುವುದು ಹೇಡಿತನ, ಸರ್ಕಾರ ಕೈಬಿಚ್ಚಿ ಖರ್ಚು ಮಾಡಬೇಕು, ಕಂಪನಿಗಳ ತೆರಿಗೆ ಏರಿಸಬೇಕು ಎನ್ನುವವರು ಖರ್ಚು ಸಾರ್. ಹನ್ನೊಂದು ವರ್ಷವಾಗಿತ್ತು. ಒಬ್ಬರು ಇವತ್ತು ಸೋಮವಾರ ಎಂದರೆ ಇನ್ನೊಬ್ಬರು ಅದಕ್ಕೂ ಆಧಾರ ಕೇಳುತ್ತಿದ್ದರು. ಚಾನೆಲ್ಲಿನ ಅನ್ನ ಬೇಯುತ್ತಿದ್ದುದೇ ಆ ಬೆಂಕಿಯಲ್ಲಿ. ಜಗಳ ಹಳಸಬಾರದೆಂದು ಮುಖ್ಯಸ್ಥರು ಇಬ್ಬರಿಗೂ ಬೇರೆ ಬೇರೆ ಬಾಗಿಲು, ಬೇರೆ ಬೇರೆ ಕೋಣೆ ಮಾಡಿದ್ದರು. ಸ್ಟುಡಿಯೋದ ದೀಪ ಹತ್ತುವ ಮುಂಚೆ ಇಬ್ಬರನ್ನೂ ನೋಡುತ್ತಿದ್ದವನು ಬಣ್ಣದಯ್ಯನೊಬ್ಬನೇ.

"ಅಣ್ಣ, ಉಳಿತಾಯದವ್ರ ಹತ್ರ ಹೋಗಿ, ನನ್ನನ್ನ ಕೆಲಸದಿಂದ ತೆಗೀಬೇಕು ಅಂತ ಖರ್ಚಿನವ್ರು ಹೇಳಿದಾರೆ ಅನ್ನಿ. ಖರ್ಚಿನವ್ರ ಹತ್ರ ಅದನ್ನೇ ತಿರುಗಿಸಿ ಹೇಳಿ," ಎಂದ ಕ್ಯಾಮೆರಾದವನು. "ಹಠಕ್ಕಾದ್ರೂ ಇಬ್ರೂ ನಿಮ್ಮ ಪರ ನಿಲ್ತಾರೆ."

ಬಣ್ಣದಯ್ಯ ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ. ಒಳ್ಳೆಯತನದಿಂದಲ್ಲ, ಧೈರ್ಯ ಸಾಲದೆ. ನಾಲ್ಕು ಗಂಟೆಗೆ ಉಳಿತಾಯ ಸಾರ್ ಬಂದು ಕನ್ನಡಿ ಮುಂದೆ ಕೂತರು. ಬಣ್ಣದಯ್ಯ ಒಂದೇ ಕೆನ್ನೆಗೆ ಮೂರು ಸಲ ಪೌಡರ್ ಬಳಿದು, ತೊದಲುತ್ತ ಹೇಳಿಯೇಬಿಟ್ಟ. ಉಳಿತಾಯ ಸಾರ್ ಕಣ್ಣು ಕೆಂಪಾಯಿತು. ಬಡವರ ಪರ ಎಂದು ಕೂಗುವ ಬಾಯಿಂದ ಇಂಥ ಮಾತೇ, ಇವತ್ತು ಅವನ ಬಂಡವಾಳ ಬಯಲು ಮಾಡುತ್ತೇನೆ ಎಂದು ಎದ್ದರು. ಒಂದು ಕೆನ್ನೆ ಮಾತ್ರ ಬೆಳ್ಳಗಿತ್ತು.

ಪಕ್ಕದ ಕೋಣೆಯಲ್ಲಿ ಖರ್ಚು ಸಾರ್ ಕಾಯುತ್ತಿದ್ದರು. ಅವರ ಹುಬ್ಬು ತಿದ್ದುತ್ತಿದ್ದಾಗ ಬಣ್ಣದಯ್ಯನಿಗೆ ಯಾರಿಗೆ ಯಾರ ಹೆಸರು ಹೇಳಬೇಕೆಂಬುದೇ ಕಲಸಿಹೋಗಿ, "ನಿಮ್ಮನ್ನ ತೆಗೀಬೇಕಂತೆ ಸಾರ್" ಎಂದುಬಿಟ್ಟ. ಅವರು ಬೆಚ್ಚಿ ತಲೆ ಎತ್ತಿದ ರಭಸಕ್ಕೆ ಕಪ್ಪು ಗೆರೆ ಹುಬ್ಬಿನಿಂದ ಕಿವಿಯವರೆಗೆ ಓಡಿತು. ಅಳಿಸುತ್ತ ಅಳಿಸುತ್ತ ಸರಿಮಾಡಿ ಹೇಳಿದ: ನಿಮ್ಮನ್ನಲ್ಲ, ನನ್ನನ್ನು, ಹಾಗಂತ ಉಳಿತಾಯ ಸಾರ್ ಮೇಲಿನವರಿಗೆ ಹೇಳಿದ್ದಾರೆ. ಖರ್ಚು ಸಾರ್ ಹಲ್ಲು ಕಡಿದರು. ಆ ಮನುಷ್ಯನಿಂದ ನಾನು ಇದನ್ನೇ ನಿರೀಕ್ಷಿಸಿದ್ದೆ ಎಂದು ಬಿರುಗಾಳಿಯಂತೆ ಹೊರಟುಹೋದರು.

ಐದಕ್ಕೆ ದೀಪ ಹತ್ತಿತು. ನಿರೂಪಕಿ ದೇಶದ ಸಾಲದ ಅಂಕಿ ಓದಿದಳು. ಅದರಲ್ಲಿ ಸೊನ್ನೆಗಳೇ ಒಂದು ಉಸಿರಿಗೆ ಮುಗಿಯಲಿಲ್ಲ. ಅವಳ ಮಾತು ನಿಲ್ಲುವ ಮುಂಚೆಯೇ ಉಳಿತಾಯ ಸಾರ್, ಸಾಲದ ಮಾತು ಆಮೇಲಾಗಲಿ, ಇದೇ ಕಟ್ಟಡದ ಒಬ್ಬ ಮೇಕಪ್ ಕೆಲಸಗಾರನ ಅನ್ನಕ್ಕೆ ಎದುರಿನ ಮಹನೀಯರು ಕಲ್ಲು ಹಾಕಿದ್ದು ಯಾಕೆ ಎಂದು ಕೇಳಿದರು. ಕಲ್ಲು ಹಾಕಿದವರು ನೀವು ಎಂದರು ಖರ್ಚು ಸಾರ್. ನಾನು ಆತನನ್ನು ಉಳಿಸಲು ಬಂದವನು ಎಂದರು ಇವರು. ಉಳಿಸಲು ಬಂದವನು ನಾನು ಎಂದರು ಅವರು. ಕ್ಯಾಮೆರಾದ ಹಿಂದೆ ನಿಂತಿದ್ದ ಬಣ್ಣದಯ್ಯ ಇನ್ನಷ್ಟು ಮರೆಗೆ ಸರಿದ.

"ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದರು ಖರ್ಚು ಸಾರ್.

"ಅವರೇ ಹೇಳಿದ್ದು. ಬಣ್ಣದಯ್ಯ."

"ನನಗೂ ಅವರೇ ಹೇಳಿದ್ದು."

ಇಡೀ ದೇಶ ನೋಡುತ್ತಿರುವಾಗ ಇಬ್ಬರೂ ಕ್ಯಾಮೆರಾದ ಆಚೆಗೆ ಕತ್ತು ಚಾಚಿ ನೋಡಿದರು. ಭೂಮಿ ಬಾಯಿ ಬಿಡಬಾರದೇ ಎಂದು ಬಣ್ಣದಯ್ಯ ಬೇಡಿಕೊಂಡ. ಆಗ ಉಳಿತಾಯ ಸಾರ್ ನಿಟ್ಟುಸಿರು ಬಿಟ್ಟು, ಪಾಪ, ಹೊಟ್ಟೆಯ ಭಯ ಏನು ಬೇಕಾದರೂ ಹೇಳಿಸುತ್ತದೆ ಎಂದರು. ಖರ್ಚು ಸಾರ್, ನಿಜ ಎಂದರು. ಹನ್ನೊಂದು ವರ್ಷದಲ್ಲಿ ಆ ಮೇಜಿನ ಮೇಲೆ ಆ ಮಾತು ಬಿದ್ದಿದ್ದು ಅದೇ ಮೊದಲು. ನಿರೂಪಕಿಯ ಕೈಯಿಂದ ಪೆನ್ನು ಜಾರಿತು.

ಆಮೇಲೆ ತಡೆಯಲು ಯಾರಿಂದಲೂ ಆಗಲಿಲ್ಲ. ನಾನು ತಗ್ಗಿಸಿ ಎಂದಿದ್ದು ದಂಡದ ಖರ್ಚನ್ನು, ಮನುಷ್ಯರನ್ನಲ್ಲ ಎಂದರು ಒಬ್ಬರು. ದಂಡದ ಖರ್ಚು ನನಗೂ ಬೇಡ ಎಂದರು ಇನ್ನೊಬ್ಬರು. ಉಪಯೋಗಕ್ಕೆ ಬರುವ ಸಾಲ ತಪ್ಪಲ್ಲ ಎಂದು ಇಬ್ಬರೂ ಒಪ್ಪಿದರು. ಜನರನ್ನು ಕೆಲಸದಲ್ಲಿ ಇಟ್ಟುಕೊಳ್ಳುವ ಕಂಪನಿಗೆ ತೆರಿಗೆ ಇಳಿಸಿ, ಕಳಿಸುವ ಕಂಪನಿಗೆ ಏರಿಸಿದರಾಯಿತು ಎಂದು ಅದನ್ನೂ ಮುಗಿಸಿದರು. ನಿರೂಪಕಿ ಅಳುಬುರುಕ ದನಿಯಲ್ಲಿ, ಯಾವುದಾದರೂ ಒಂದು ವಿಷಯದಲ್ಲಾದರೂ ಭಿನ್ನಾಭಿಪ್ರಾಯ ಇರಬೇಕಲ್ಲ ಎಂದು ಅಂಗಲಾಚಿದಳು. ಹುಡುಕಿದರು, ಸಿಗಲಿಲ್ಲ. ಬಣ್ಣದಯ್ಯನ ಹುದ್ದೆ ಉಳಿಯಲೇಬೇಕು ಎಂದು ಇಬ್ಬರೂ ಒಟ್ಟಿಗೆ ಹೇಳಿ ಕೈ ಕುಲುಕಿದಾಗ ಗಡಿಯಾರದಲ್ಲಿ ಐದೂ ಹದಿನೇಳು. ಮಿಕ್ಕ ನಲವತ್ತಮೂರು ನಿಮಿಷ ಚಾನೆಲ್ಲು ಹೋದ ವಾರದ ಹವಾಮಾನ ವರದಿಯನ್ನು ತೋರಿಸಿತು.

ಸಹೋದ್ಯೋಗಿಗಳು ಬಣ್ಣದಯ್ಯನನ್ನು ಎತ್ತಿಕೊಳ್ಳುವುದೊಂದು ಬಾಕಿ. ಅವನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಅಷ್ಟರಲ್ಲಿ ಮುಖ್ಯಸ್ಥರ ಕೋಣೆಯಿಂದ ಕರೆ ಬಂತು.

ಮುಖ್ಯಸ್ಥರು ಕುರ್ಚಿ ತೋರಿಸಿದರು. ಯಜಮಾನರು ಕಾರ್ಯಕ್ರಮ ನೋಡಿದ್ದಾರೆ, ಮುನ್ನೂರಕ್ಕೂ ಹೆಚ್ಚು ಫೋನ್ ಬಂದಿದೆ, ಇಷ್ಟಾದ ಮೇಲೆ ಆ ಹುದ್ದೆಯನ್ನು ತೆಗೆಯುವ ಮಾತೇ ಇಲ್ಲ ಎಂದರು. ಹಾಳೆಯನ್ನು ಅವನ ಕಣ್ಣೆದುರೇ ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಬಣ್ಣದಯ್ಯ ಕೈಮುಗಿದ.

"ಇರಿ, ಇನ್ನೂ ಮುಗಿದಿಲ್ಲ," ಎಂದರು ಮುಖ್ಯಸ್ಥರು. "ಹನ್ನೊಂದು ವರ್ಷ ಯಾರ ಕೈಲೂ ಆಗದ್ದನ್ನ ನೀವು ಒಂದು ಗಂಟೇಲಿ ಮಾಡಿದ್ರಿ. ಅವರಿಬ್ರನ್ನ ಒಂದು ಮಾಡಿದ್ರಿ. ಜಗಳ ಇಲ್ಲ ಅಂದ್ರೆ ಈ ಚಾನೆಲ್ ಯಾಕ್ರೀ ಬೇಕು? ನೀವು ಇಲ್ಲಿದ್ರೆ ನಾಳೆ ಇನ್ಯಾರನ್ನ ಒಂದು ಮಾಡ್ತೀರೋ. ಹುದ್ದೆ ಇರುತ್ತೆ. ನೀವಿರಲ್ಲ. ನಾಳೆಯಿಂದ ನನ್ನ ಭಾಮೈದ ಬರ್ತಾನೆ."

ಬಣ್ಣದಯ್ಯ ಮೇಕಪ್ ಕೋಣೆಗೆ ಹೋದ. ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದ. ಹೆಂಡತಿಗೆ ಈಗ ಸುಮ್ಮನೆ ಫೋನ್ ಮಾಡಿದೆ ಎನ್ನುವಂತೆಯೂ ಇರಲಿಲ್ಲ.

ಕಾರು ನಿಲ್ಲಿಸುವ ಅಂಗಳದಲ್ಲಿ ಇಬ್ಬರೂ ತಜ್ಞರು ಅಂಗಿಯ ತೋಳು ಮಡಚಿ ನಿಂತಿದ್ದರು. ಬಣ್ಣದಯ್ಯನ ಕೆಲಸ ಉಳಿದಿದ್ದು ನನ್ನ ವಾದದಿಂದ ಎನ್ನುತ್ತಿದ್ದರು ಉಳಿತಾಯ ಸಾರ್. ನಿನ್ನ ವಾದವನ್ನು ಯಾರು ಕೇಳಿದರು, ಉಳಿಸಿದ್ದು ನಾನು ಎನ್ನುತ್ತಿದ್ದರು ಖರ್ಚು ಸಾರ್. ಸಾಲ, ತೆರಿಗೆ, ಹನ್ನೊಂದು ವರ್ಷದ ಹಳೆಯದೆಲ್ಲ ಮತ್ತೆ ಮೇಲೆ ಬಂತು. ಒಬ್ಬರ ಕೈ ಇನ್ನೊಬ್ಬರ ಕಾಲರಿಗೆ ಹೋಯಿತು. ಬಣ್ಣದಯ್ಯ ಮಧ್ಯೆ ಹೋಗಿ, "ಸಾರ್, ನನ್ನ ಕೆಲಸ ಉಳೀಲಿಲ್ಲ" ಎಂದ. ಇಬ್ಬರೂ ಒಟ್ಟಿಗೇ ಅವನನ್ನು ಪಕ್ಕಕ್ಕೆ ಸರಿಸಿ, ನೀವು ಸುಮ್ಮನಿರಿ, ಇದು ನಿಮಗೆ ಅರ್ಥವಾಗುವ ವಿಷಯವಲ್ಲ ಎಂದರು.

ಮುಖ್ಯಸ್ಥರು ಕಿಟಕಿಯಿಂದ ನೋಡಿದವರು ಏದುಸಿರು ಬಿಡುತ್ತ ಓಡಿಬಂದರು. ಹಿಂದೆಯೇ ಕ್ಯಾಮೆರಾದವನು, ಅವನ ಹಿಂದೆ ದೀಪ ಹೊತ್ತವರು. ಹವಾಮಾನ ನಿಲ್ಲಿಸಿ, ಇದನ್ನ ನೇರ ಹಾಕಿ ಎಂದು ಮುಖ್ಯಸ್ಥರು ಫೋನಿನಲ್ಲಿ ಕೂಗುತ್ತಿದ್ದರು. ದೀಪ ಬಿದ್ದೊಡನೆ ಇಬ್ಬರ ಹಣೆಯ ಬೆವರೂ ಪಳಪಳ ಹೊಳೆಯಿತು. ಮುಖ್ಯಸ್ಥರು ಸುತ್ತ ನೋಡಿ, ಮೇಕಪ್‌ನವರು ಎಲ್ಲಿ ಎಂದರು. ಬಣ್ಣದಯ್ಯನಿಗೆ ಬೇಡವೆನ್ನಲು ಹೊಳೆಯಲೇ ಇಲ್ಲ. ಡಬ್ಬಿ ತೆರೆದು, ಕಾಲರು ಹಿಡಿದುಕೊಂಡೇ ನಿಂತಿದ್ದ ಇಬ್ಬರ ಮುಖದ ಬೆವರನ್ನೂ ಒರೆಸಿ, ಎರಡೂ ಕಡೆ ಸಮವಾಗಿ ಪೌಡರ್ ಹಾಕಿದ. ಆಮೇಲೆ ಮುಖ್ಯಸ್ಥರು ಹೇಳಿದಂತೆ ಚೌಕಟ್ಟಿನಿಂದ ಆಚೆ ಸರಿದು, ಬಸ್ಸಿಗೆ ಹೊತ್ತಾಯಿತೆಂದು ಗೇಟಿನ ಕಡೆ ನಡೆದ.